ಎರಡು ಫೈಲು ಹಿಡಿದು ಬ್ಯಾಂಕಾಕಿಗೆ

ಬ್ಯಾಂಕಾಕಿಗೆ ಹೋಗಿ ಬಂದ ಮೇಲೆ ದಾಂಡೇಲಿಯ ಅಂಬೇವಾಡಿಯ ನಮ್ಮ ಓಣಿಯ ಹೆಂಗಸರು ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಉಣ್ಣಾಕ ಏನ್ ಸಿಕ್ತ್ರಿ ಟೀಚರ್?" ಎರಡನೆಯದು, "ನಮಗೇನ್ ತಂದ್ರಿ?" ಎರಡಕ್ಕೂ ಉತ್ತರ ಕೊಟ್ಟೆ. ಜೊತೆಗೆ ಹೋಗಿದ್ದ ಗಿರಿಜಾ ಟೀಚರ್ ಈಗ ನಮ್ಮ ಮನೆಗೆ ಯಾಕೆ ಬರುವುದಿಲ್ಲ ಅಂತ ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ಏನಾದರೂ ಸುಳ್ಳು ಹೇಳಿಬಿಡುತ್ತಿದ್ದೆನೇನೋ. ಬರೆಯಲು ಕೂತರೆ ಸುಳ್ಳು ಅಷ್ಟು ಸುಲಭಕ್ಕೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹಳಿಯಾಳ, ಒಂದು ವರ್ಷ ಮೊದಲು

ಹಳಿಯಾಳದ ಒಂದು ಖಾಸಗಿ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ದಾಂಡೇಲಿಯಿಂದ ದಿನಾ ಬಸ್ಸು. ಗಂಡನಿಗೆ ಕಾಗದದ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಹದಿನೈದು ವರ್ಷ ಅದೇ ಬಸ್ಸಿನಲ್ಲಿ ಅದೇ ಕಿಟಕಿಯ ಪಕ್ಕ ಕೂತು ಅದೇ ತೇಗದ ಮರಗಳನ್ನು ನೋಡಿದವಳಿಗೆ ಒಂದು ಸಲ ಬೇರೆ ದೇಶದ ಮಕ್ಕಳಿಗೆ ಕಲಿಸಬೇಕು ಅನ್ನುವ ಹುಚ್ಚು ಹಿಡಿಯಿತು. ಬಿ.ಎಡ್ ನಾನು ಮದುವೆಗೆ ಮೊದಲೇ ಮುಗಿಸಿದ್ದೆ.

ಗಿರಿಜಾ ವಿಜ್ಞಾನದವಳು, ನನಗಿಂತ ನಾಲ್ಕು ವರ್ಷ ಚಿಕ್ಕವಳು. ಮುಂಡಗೋಡ ತಾಲೂಕಿನ ಪಾಳಾ ಅವಳ ಗಂಡನ ಊರು. ಗಂಡ ಬಸವರಾಜ ಅಲ್ಲಿ ಭತ್ತ, ಗೋವಿನಜೋಳ ಬೆಳೆಯುತ್ತಾನೆ, ಮಗಳು ವಿದ್ಯಾ ಒಂಬತ್ತನೇ ಇಯತ್ತೆ. ಗಿರಿಜಾ ಹಳಿಯಾಳದಲ್ಲಿ ಒಂದು ಖೋಲಿ ಹಿಡಿದು ಇದ್ದಳು, ಶನಿವಾರ ಮಧ್ಯಾಹ್ನ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಬರುತ್ತಿದ್ದಳು. ಹತ್ತು ವರ್ಷ ನಾವಿಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡಿದವರು. ನಮ್ಮ ಶಾಲೆಯಲ್ಲಿ ಅವಳಷ್ಟು ಚೆನ್ನಾಗಿ ಕಲಿಸುವವರು ಇನ್ನೊಬ್ಬರಿರಲಿಲ್ಲ. ಆದರೆ ಅವಳದು ಬಿ.ಎಸ್ಸಿ ಮಾತ್ರ. ಈ ವರ್ಷ, ಮುಂದಿನ ವರ್ಷ ಅನ್ನುತ್ತಾ ಬಿ.ಎಡ್ ಉಳಿದೇಹೋಗಿತ್ತು. ಆ ವರ್ಷ ಕೊನೆಗೂ ಅರ್ಜಿ ತುಂಬಿದ್ದಳು.

ಅಷ್ಟರಲ್ಲಿ ಹುಬ್ಬಳ್ಳಿಯ ಒಬ್ಬ ಕನ್ಸಲ್ಟಂಟ್ ನಮ್ಮ ಶಾಲೆಗೆ ಬಂದು, ಆರು ತಿಂಗಳ ಒಂದು ಅಂತರರಾಷ್ಟ್ರೀಯ ಶಿಕ್ಷಕರ ಸರ್ಟಿಫಿಕೇಟಿನ ಬಗ್ಗೆ ಹೇಳಿದ. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಮಾಡುವಂಥದ್ದು. ನಾನು ಅಲ್ಲೇ ಒಪ್ಪಿಕೊಂಡೆ. ಗಿರಿಜಾ ಹಿಂದೆಮುಂದೆ ನೋಡಿದಳು.

"ಅಕ್ಕಾ, ಎರಡ್ ವರ್ಷ ಬಿ.ಎಡ್ ಮುಗಿಸೇ ಹೋಗೂಣಲ್ಲ?" ಅಂದಳು.

"ಎರಡ್ ವರ್ಷಕ್ಕ ನನಗ ನಲವತ್ತು ದಾಟತಾವ ಗಿರಿಜಾ. ಅಲ್ಲಿಯವರು ಇದನ್ನ ನೋಡ್ತಾರ, ನಮ್ಮ ಬಿ.ಎಡ್ ಯಾರ್ ಕೇಳ್ತಾರ?"

"ನಿನ್ನ ಹತ್ರ ಎರಡೂ ಇರ್ತಾವಲ್ಲ."

"ನನ್ನ ಬಿ.ಎಡ್ ಟ್ರಂಕಿನಾಗ ಬಿದ್ದೈತಿ. ನಡಿ, ಇಬ್ಬರೂ ಕೂಡೇ ಮಾಡೂಣು."

ಅವಳು ಅರ್ಜಿ ಹಿಂದೆ ತಗೊಂಡಳು. ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನಲ್ಲೇ ಕೂತು ಇಬ್ಬರೂ ಪಾಠ ಮಾಡಿದೆವು, ಅಸೈನ್‌ಮೆಂಟ್ ಕಳಿಸಿದೆವು. ಅವಳಿಗೆ ನನಗಿಂತ ಒಳ್ಳೆಯ ಗ್ರೇಡು ಬಂತು.

ಈಗ ಹೇಳಲೇಬೇಕಾದ ಮಾತು. ಕೋರ್ಸು ಅರ್ಧ ಮುಗಿದಾಗ ಆ ಕನ್ಸಲ್ಟಂಟ್ ಯಾವುದೋ ಸಹಿಗಾಗಿ ನನಗೆ ಫೋನ್ ಮಾಡಿದ್ದ. ಮಾತಿನ ನಡುವೆ, "ನಿಮಗೇನ್ ತೊಂದ್ರಿ ಇಲ್ರಿ ಮೇಡಂ, ಬಿ.ಎಡ್ ಐತಿ. ಬರೇ ಈ ಸರ್ಟಿಫಿಕೇಟ್ ಇದ್ದವರದ್ದು ಆಯಾ ಶಾಲಿಯವರ ಮರ್ಜಿ. ಕೆಲವು ಕಡೆ ಲೈಸೆನ್ಸ್ ಸಿಗೂದಿಲ್ಲ" ಅಂದಿದ್ದ. ಗಿರಿಜಾ ಆಗ ನನ್ನ ಎದುರಿಗೇ ಕೂತು ಪತ್ರಿಕೆ ತಿದ್ದುತ್ತಿದ್ದಳು. ಬಿ.ಎಡ್ ಪ್ರವೇಶಕ್ಕೆ ಇನ್ನೂ ಸಮಯವಿತ್ತು. ನಾನು ಫೋನ್ ಇಟ್ಟು, "ಏನಿಲ್ಲ, ಸಹಿ ಬೇಕಂತ" ಅಂದೆ.

ಯಾಕೆ ಹೇಳಲಿಲ್ಲ? ಹೇಳಿದ್ದರೆ ಅವಳು ಬಿ.ಎಡ್‌ಗೆ ಹೋಗುತ್ತಿದ್ದಳು, ನಾನು ಗುರುತುಪರಿಚಯವಿಲ್ಲದ ದೇಶಕ್ಕೆ ಒಬ್ಬಳೇ ಹೋಗಬೇಕಾಗುತ್ತಿತ್ತು. ಇದಕ್ಕಿಂತ ದೊಡ್ಡ ಕಾರಣವೇನೂ ನನ್ನ ಹತ್ತಿರ ಇಲ್ಲ.

ರಾಮನಗರ

ಬ್ಯಾಂಕಾಕಿನ ಹೊರವಲಯದ ಒಂದು ಶಾಲೆ ನಮ್ಮಿಬ್ಬರನ್ನೂ ಒಂದು ವಾರದ ಮಟ್ಟಿಗೆ ಕರೆಸಿತು. ಮಾದರಿ ಪಾಠ ಮಾಡಬೇಕು, ಮೂಲ ದಾಖಲೆ ತೋರಿಸಬೇಕು, ಎಲ್ಲ ಸರಿಯಿದ್ದರೆ ಅಲ್ಲೇ ಕರಾರಿಗೆ ಸಹಿ. ಜನವರಿ ಕೊನೆ. ನನಗೆ ಶಾಲೆಯವರು ರಜೆ ಕೊಟ್ಟರು. ಪರೀಕ್ಷೆ ಹತ್ತಿರ ಬಂದಾಗ ಇಬ್ಬರಿಗೂ ಕೊಡಲಾಗದು ಅಂದರು. ಗಿರಿಜಾ ರಾಜೀನಾಮೆ ಬರೆದುಕೊಟ್ಟಳು.

ಅದನ್ನು ಅವಳು ನನಗೆ ಹೇಳಿದ್ದು ಗೋವಾಕ್ಕೆ ಹೋಗುವ ದಾರಿಯಲ್ಲಿ, ಜೋಯಿಡಾ ತಾಲೂಕಿನ ರಾಮನಗರದಲ್ಲಿ ಚಹಾಕ್ಕೆ ಬಸ್ ನಿಂತಾಗ. ಚಹಾದಂಗಡಿಯವನು ನಮ್ಮ ಹತ್ತಿರ ಮರಾಠಿಯಲ್ಲಿ ಮಾತಾಡಿದ. ಗಿರಿಜಾ ಕನ್ನಡದಲ್ಲಿ ಉತ್ತರ ಕೊಟ್ಟು ನಕ್ಕಳು. "ಅಕ್ಕಾ, ಇಲ್ಲೇ ಭಾಷೆ ಬದಲಾತು. ಇನ್ನ ನಾವು ಫಾರಿನ್ನಿಗೆ ಬಂದಂಗ!" ಆಮೇಲೆ ಲೋಟ ಊದುತ್ತಾ ಅದೇ ದನಿಯಲ್ಲಿ, "ನಿನ್ನೆ ರಾಜೀನಾಮೆ ಕೊಟ್ಟೆ" ಅಂದಳು.

"ಯಾಕ ಕೊಟ್ಟಿ? ಒಂದ್ ವಾರ ಆರಾಮಿಲ್ಲಂತ ಚೀಟಿ ಕಳಿಸಬೇಕಿತ್ತು."

"ಸುಳ್ಳ್ ಹೇಳಿ ಹೋಗೂದು ಬ್ಯಾಡ ಅನಿಸ್ತು. ಒಳ್ಳೇ ಕೆಲಸಕ್ಕ ಹೊಂಟೇವಿ."

ನನ್ನ ಚಹಾ ತಣ್ಣಗಾಗಿತ್ತು. ಆಗಲಾದರೂ ಹೇಳಬಹುದಿತ್ತು. ಕಂಡಕ್ಟರ್ ಸೀಟಿ ಊದಿದ, ನಾವು ಹತ್ತಿದೆವು.

ಬ್ಯಾಂಕಾಕ್, ಮೊದಲ ದಿನ

ಗೋವಾದಿಂದ ಮುಂಬೈ, ಮುಂಬೈಯಿಂದ ಬ್ಯಾಂಕಾಕ್. ಇಳಿದಾಗ ಬೆಳಗಿನ ಹೊತ್ತು, ಆಗಲೇ ಮೈಗೆ ಅಂಟುವ ಸೆಕೆ. ಸುಂಕದ ಅಧಿಕಾರಿಯೊಬ್ಬಳು ಗಿರಿಜಾಳ ಚೀಲ ತೆಗೆಸಿ ಶೇಂಗಾ ಚಟ್ನಿಪುಡಿಯ ಡಬ್ಬಿ ಮೂಸಿ ನೋಡಿ ಎರಡು ಸಲ ಸೀನಿದಳು. ಗಿರಿಜಾ ಬೆರಳ ತುದಿಯಲ್ಲಿ ಸ್ವಲ್ಪ ತೆಗೆದು ತಾನೇ ತಿಂದು ತೋರಿಸಿದಳು. ಆಕೆ ಕಣ್ಣೀರು ಒರೆಸಿಕೊಳ್ಳುತ್ತಾ ಹೋಗಿ ಅಂತ ಕೈ ಮಾಡಿದಳು.

ಶಾಲೆಯ ಹತ್ತಿರ, ಒಂದು ಕಾಲುವೆಯ ದಂಡೆಯ ಮೇಲೆ, ನಮಗೆ ಕೋಣೆ ಕೊಟ್ಟಿದ್ದರು. ಕಾಲುವೆಯಲ್ಲಿ ನೀರಿಗಿಂತ ದೋಣಿಯ ಸದ್ದೇ ಹೆಚ್ಚು. ಅಲ್ಲಿ ಪ್ರತಿ ಮನೆಯ ಮುಂದೂ ಕಂಬದ ಮೇಲೆ ಒಂದು ಪುಟ್ಟ ಗುಡಿ. ಆ ಜಾಗ ಕಾಯುವ ಶಕ್ತಿಗೆ ಕಟ್ಟಿದ್ದಂತೆ. ಅದರ ಮುಂದೆ ಕೆಂಪು ಶರಬತ್ತಿನ ಬಾಟಲಿ ಇಟ್ಟು, ಮುಚ್ಚಳ ತೆಗೆದು, ಹೀರುವ ನಳಿಗೆಯನ್ನೂ ಹಾಕಿಟ್ಟಿದ್ದರು.

"ದೇವ್ರಿಗೆ ಸ್ಟ್ರಾ ಹಾಕ್ಯಾರ ಅಕ್ಕಾ!" ಗಿರಿಜಾ ನಿಂತಲ್ಲೇ ನಿಂತಳು. "ನಾವು ಎಷ್ಟ್ ವರ್ಷ ನೈವೇದ್ಯ ಮಾಡಿದ್ರೂ ಅವ ಹೆಂಗ ಕುಡೀತಾನಂತ ವಿಚಾರ ಮಾಡ್ಲಿಲ್ಲಲ್ಲ."

ಊಟದ್ದು ಫಜೀತಿ. ಕಾಯಿಪಲ್ಲೆಗೂ ಮೀನಿನ ರಸ ಹಾಕುತ್ತಾರೆ. ಗಿರಿಜಾ ದಿನಾ ಸ್ನಾನ ಮಾಡಿ ಲಿಂಗಪೂಜೆ ಮಾಡಿಕೊಳ್ಳದೆ ಬಾಯಿಗೆ ಏನೂ ಹಾಕುವವಳಲ್ಲ, ಆ ವಾಸನೆಗೇ ಹಿಂದೆ ಸರಿದಳು. "ಜೇ" ಅಂದರೆ ಶುದ್ಧ ಸಸ್ಯಾಹಾರ ಅಂತ ಯಾರೋ ಹೇಳಿಕೊಟ್ಟರು. ರಸ್ತೆ ಬದಿಯ ಗಾಡಿಯ ಮುದುಕಿಯ ಮುಂದೆ ಇಬ್ಬರೂ "ಜೇ, ಜೇ" ಅಂದೆವು. ಆಕೆ ನಮ್ಮ ಮುಖ ನೋಡಿದಳು, ಒಲೆ ಆರಿಸಿ ಕಡಾಯಿಯನ್ನು ಎರಡು ಸಲ ತಿಕ್ಕಿ ತೊಳೆದಳು, ಚಮಚ ಬದಲಿಸಿದಳು, ಆಮೇಲೆ ಅನ್ನ ಹುರಿದಳು. ಹಿಂದೆ ನಿಂತ ಗಿರಾಕಿಗಳು ಒಂದು ಮಾತು ಅನ್ನಲಿಲ್ಲ. ನಮ್ಮ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಯಾರಾದರೂ ಹೀಗೆ ಕೇಳಿದ್ದರೆ ಏನಾಗುತ್ತಿತ್ತು ಅಂತ ಯೋಚಿಸುತ್ತಾ ನಾನು ಉಂಡೆ.

ಎರಡನೆಯ ದಿನ, ಶಾಲೆ

ಅಲ್ಲಿ ಮಾಸ್ತರರಿಗೆ "ಕ್ರೂ" ಅನ್ನುತ್ತಾರೆ. ನಮ್ಮ "ಗುರು"ವೇ ಸಮುದ್ರ ದಾಟಿ ಸವೆದು ಹಾಗಾದದ್ದಂತೆ. ಮುಖ್ಯೋಪಾಧ್ಯಾಯಿನಿ ಕ್ರೂ ಮಾಲೀ ಐವತ್ತು ದಾಟಿದವರು. ಮೆಲುದನಿ, ಬಿಗಿಯಾಗಿ ಕಟ್ಟಿದ ಕೂದಲು. ಮಾಲೀ ಅಂದರೆ ಮಲ್ಲಿಗೆ ಅಂತ ಅವರೇ ಹೇಳಿದರು. ಮಕ್ಕಳು ತರಗತಿಯ ಬಾಗಿಲಲ್ಲಿ ಬೂಟು ಕಳಚಿ, ಮೂತಿ ಹೊರಗೆ ಮಾಡಿ ಸಾಲಾಗಿ ಇಡುತ್ತಿದ್ದರು. ಹೊರಗೆ ಬರುವಾಗ ತಡವರಿಸದೆ ಕಾಲು ತೂರಿಸಿ ನಡೆಯಬಹುದು. ಬರಿಗಾಲಲ್ಲಿ ತರಗತಿಗೆ ಹೋದಾಗ ನನಗೇಕೋ ಮಠದ ಒಳಗೆ ಕಾಲಿಟ್ಟ ಹಾಗೆ ಆಯಿತು.

ನನ್ನ ಪಾಠ ಭಿನ್ನರಾಶಿ. ಹೇಗಾಯಿತು ಅಂತ ಹೇಳುವಂಥದ್ದೇನಿಲ್ಲ. ಮಕ್ಕಳು ಸಭ್ಯರಾಗಿ ಕೂತಿದ್ದರು, ಒಬ್ಬ ಹುಡುಗಿ ಸಭ್ಯಳಾಗಿಯೇ ನಿದ್ದೆ ಮಾಡಿದಳು.

ಗಿರಿಜಾ ಬೆಳಿಗ್ಗೆ ಗಾಡಿಯಲ್ಲಿ ಎರಡು ಕಿತ್ತಳೆ ಕೊಂಡಿದ್ದಳು. ಗಾಜಿನ ಪಾತ್ರೆಯಲ್ಲಿ ನೀರು ತುಂಬಿ ಒಂದು ಹಣ್ಣು ಬಿಟ್ಟಳು, ತೇಲಿತು. ಇನ್ನೊಂದರ ಸಿಪ್ಪೆ ಸುಲಿದು ಕೈಯಲ್ಲಿ ಹಿಡಿದು, ಇದು ಹಗುರಾಯಿತು, ಈಗ ಏನಾಗುತ್ತದೆ ಅಂತ ಕೇಳಿದಳು. ಅವಳ ಇಂಗ್ಲಿಷು ನನ್ನಂತೆಯೇ ಹಳಿಯಾಳದ್ದು. ಮಕ್ಕಳೆಲ್ಲ ತೇಲುತ್ತದೆ ಅಂದರು. ಬಿಟ್ಟಳು, ಮುಳುಗಿತು. ಇಡೀ ತರಗತಿ ಎದ್ದು ಮೇಜಿನ ಸುತ್ತ ಮುಗಿಬಿತ್ತು. ಸಿಪ್ಪೆಯೊಳಗಿನ ಗಾಳಿಯ ವಿಷಯ ಅವಳು ಹೇಳಲೇ ಇಲ್ಲ. ಸಿಪ್ಪೆಯ ಚೂರನ್ನು ಮಕ್ಕಳ ಕೈಗೇ ಕೊಟ್ಟು, ಹಿಚುಕಿ ನೋಡಿಸಿ, ಅವರ ಬಾಯಿಂದಲೇ ಹೇಳಿಸಿದಳು. ಹಿಂದೆ ಕೂತಿದ್ದ ಕ್ರೂ ಮಾಲೀ ಬರೆಯುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಗಂಟೆ ಹೊಡೆದರೂ ಮಕ್ಕಳು ಏಳಲಿಲ್ಲ.

ಸಂಜೆ ಗಿರಿಜಾ ಪಾಳಾಕ್ಕೆ ಫೋನ್ ಮಾಡಿದಳು. "ಆಗತೈತ್ರಿ, ಇದು ಆಗೇ ಆಗತೈತಿ ಅನಸಾಕತ್ತೈತಿ" ಅಂತ ಗಂಡನಿಗೆ ಹೇಳುವುದು ಕೇಳಿಸಿತು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ನಾಲ್ಕನೆಯ ದಿನ

ಮೂರನೆಯ ದಿನ ಫೈಲುಗಳನ್ನು ತಗೊಂಡರು. ನಾಲ್ಕನೆಯ ದಿನ ಮಧ್ಯಾಹ್ನ ಇಬ್ಬರನ್ನೂ ಕರೆದರು. ಕ್ರೂ ಮಾಲೀ ಮೊದಲು ಎರಡು ಲೋಟ ನೀರು ತರಿಸಿದರು. ನೀರು ತರಿಸಿದ ರೀತಿಯಲ್ಲೇ ನನಗೆ ಗೊತ್ತಾಯಿತು.

ಅವರು ಹೇಳಿದ್ದು ಇಷ್ಟು. ಈ ದೇಶದಲ್ಲಿ ಶಿಕ್ಷಕರಿಗೆ ಪರವಾನಗಿ ಬೇಕು. ಶಿಕ್ಷಣದಲ್ಲೇ ಪದವಿ ಇದ್ದವರಿಗೆ ದಾರಿ ನೇರ. ಉಳಿದವರಿಗೆ ತಾತ್ಕಾಲಿಕ ಅನುಮತಿ ಕೇಳಬಹುದು, ಹಿಂದೆ ನಾವೂ ಕೇಳುತ್ತಿದ್ದೆವು, ಆದರೆ ಈ ವರ್ಷದಿಂದ ಬೇಡವೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಗಿರಿಜಾಳ ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಹಿಡಿದು ಮರಳಿಸಿದರು. "ನಾನು ಮೂವತ್ತು ವರ್ಷದಲ್ಲಿ ನೋಡಿದ ಒಳ್ಳೆಯ ಪಾಠಗಳಲ್ಲಿ ನಿಮ್ಮದೊಂದು. ಆದರೆ ಈ ಕಾಗದದ ಮೇಲೆ ನಿಮ್ಮನ್ನು ತರಗತಿಯಲ್ಲಿ ನಿಲ್ಲಿಸಲು ನನಗಾಗುವುದಿಲ್ಲ. ಸಹಾಯಕಿಯ ಜಾಗವೂ ಸದ್ಯ ಖಾಲಿ ಇಲ್ಲ." ಆಮೇಲೆ ನನ್ನ ಕಡೆ ತಿರುಗಿ, ನಾಳೆ ಬೆಳಿಗ್ಗೆ ಸಹಿಗೆ ಬನ್ನಿ ಅಂದರು.

ಗಿರಿಜಾ ಎದ್ದು ನಿಂತು ಕೈ ಮುಗಿದು ಥ್ಯಾಂಕ್ಯೂ ಅಂದಳು. ಯಾವುದಕ್ಕೆ ಅಂದಳೋ.

ಕೋಣೆಗೆ ಹೋಗುವುದು ಬೇಡ, ಎಲ್ಲಾದರೂ ನಡೆಯೋಣ ಅಂದಳು. ರೈಲು ಹತ್ತಿ ಊರೊಳಗೆ ಹೋಗಿ ಗೊತ್ತುಗುರಿಯಿಲ್ಲದೆ ಅಡ್ಡಾಡಿದೆವು. ಕೇಸರಿ ಬಟ್ಟೆಯ ಭಿಕ್ಷುಗಳು ಎದುರಾದರು. ಬೇರೆ ದಿನವಾಗಿದ್ದರೆ ಮುಂಡಗೋಡ ಬಸ್ಸಿಗೆ ಹತ್ತುವ, ಅಲ್ಲಿನ ಟಿಬೆಟ್ ಕ್ಯಾಂಪಿನ ಲಾಮಾಗಳ ಬಟ್ಟೆಗೂ ಇದಕ್ಕೂ ಇರುವ ಬಣ್ಣದ ಫರಕನ್ನು ಅವಳು ಖಂಡಿತ ಹೇಳುತ್ತಿದ್ದಳು. ಅವತ್ತು ಅವರತ್ತ ನೋಡಲೂ ಇಲ್ಲ. ಸಂಜೆ ವಾಪಸ್ಸು ಹೊರಡಲು ದೊಡ್ಡ ಸ್ಟೇಷನ್ನಿಗೆ ಬಂದೆವು. ಕಚೇರಿ ಬಿಡುವ ಹೊತ್ತು, ಜನ ನದಿಯ ಹಾಗೆ ಹರಿಯುತ್ತಿದ್ದರು. ಅವರ ನಡುವೆ ನಡೆಯುತ್ತಾ ಗಿರಿಜಾ ಕೇಳಿದಳು:

"ಅಕ್ಕಾ, ಅಲ್ಲಿ ಕುಂತಾಗ ನಿನ್ನ ಮುಖ ನೋಡಿದ್ರ ಹೊಸಾದು ಕೇಳಿದಂಗ ಕಾಣಲಿಲ್ಲ. ಇದು ನಿನಗ ಮೊದಲ ಗೊತ್ತಿತ್ತೇನು?"

ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ವಾದ್ಯ ಶುರುವಾಯಿತು. ಓಡುತ್ತಿದ್ದವರೆಲ್ಲ ನಿಂತರು. ಮೆಟ್ಟಿಲ ಮೇಲಿದ್ದವರು ಮೆಟ್ಟಿಲ ಮೇಲೆ, ಒಂದು ಕೈಯಲ್ಲಿ ಮಗು ಇದ್ದವಳು ಮಗುವಿನ ಜೊತೆ, ಪೊರಕೆ ಹಿಡಿದವನು ಪೊರಕೆ ನೆಟ್ಟಗೆ ಹಿಡಿದು. ನಾನು ಎರಡು ಹೆಜ್ಜೆ ಮುಂದೆ ಹೋಗಿಬಿಟ್ಟಿದ್ದೆ. ಒಬ್ಬ ಹೆಂಗಸು ನನ್ನ ತೋಳು ಮುಟ್ಟಿ ನಿಲ್ಲಿಸಿದಳು. ಅವರ ರಾಷ್ಟ್ರಗೀತೆ. ದಿನಾ ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ಹಾಕುತ್ತಾರಂತೆ. ಅಷ್ಟು ದೊಡ್ಡ ಸ್ಟೇಷನ್ನಿನಲ್ಲಿ ಒಬ್ಬರೂ ಅಲ್ಲಾಡುತ್ತಿರಲಿಲ್ಲ. ನಾನು ಹಿಂದೆ ತಿರುಗುವ ಹಾಗಿರಲಿಲ್ಲ, ಆದರೆ ಎದುರಿನ ಗಾಜಿನಲ್ಲಿ ಗಿರಿಜಾ ಕಾಣುತ್ತಿದ್ದಳು. ಕೈ ಕೆಳಗೆ ಬಿಟ್ಟು ನೆಟ್ಟಗೆ ನಿಂತಿದ್ದಳು, ನಮ್ಮ ಶಾಲೆಯ ಪ್ರಾರ್ಥನೆಯಲ್ಲಿ ನಿಲ್ಲುವ ಹಾಗೆಯೇ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಕೈ ಎತ್ತಲಿಲ್ಲ.

ಗೀತೆ ಮುಗಿಯಿತು. ಜನ ನಮ್ಮಿಬ್ಬರ ನಡುವೆ ಹಾದುಹೋದರು. ಇಷ್ಟು ಹೊತ್ತು ಸಿಕ್ಕಿದ್ದರಿಂದ ಸುಳ್ಳು ಹೊಂದಿಸಬಹುದಿತ್ತು. ಆದರೆ ಬಾಯಿಗೆ ಬಂದದ್ದು, "ಗೊತ್ತಿತ್ತು."

"ಯಾವಾಗಿಂದ?"

"ಕೋರ್ಸ್ ಅರ್ಧ ಆದಾಗಿಂದ. ಅವ ಫೋನಿನಾಗ ಹೇಳಿದ್ದ."

"ಆವಾಗ ಬಿ.ಎಡ್ ಪ್ರವೇಶ ನಡದಿತ್ತಲ್ಲ."

"ಹೌದು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಮತ್ಯಾಕ ಹೇಳ್ಲಿಲ್ರಿ ನೀವು?"

ಹತ್ತು ವರ್ಷದಲ್ಲಿ ಅವಳು ನನಗೆ ನೀವು ಅಂದದ್ದು ಅದೇ ಮೊದಲು.

"ಒಬ್ಬಾಕಿನ ಬರಾಕ ಅಂಜಿಕಿ ಆತು" ಅಂದೆ.

ಅವಳು ನನ್ನ ಮುಖ ನೋಡಿದಳು, ತಪ್ಪು ಉತ್ತರ ಬರೆದ ಹುಡುಗಿ ಎಲ್ಲಿ ಎಡವಿದಳು ಅಂತ ಹುಡುಕುವವಳ ಹಾಗೆ. "ಗಾಡಿ ಬಂತು, ಹತ್ರಿ" ಅಂದಳು.

ಐದನೆಯ ದಿನ

ಬೆಳಿಗ್ಗೆ ಎದ್ದಾಗ ಅವಳ ಪೂಜೆ ಮುಗಿದಿತ್ತು, ಚೀಲ ಕಟ್ಟಿ ಇಟ್ಟಿದ್ದಳು. ನಾನು ಸಹಿ ಮಾಡುವುದಿಲ್ಲ ಅಂದೆ. ರಾತ್ರಿಯೆಲ್ಲ ಅದನ್ನೇ ತೀರ್ಮಾನಿಸಿ ಮಲಗಿದ್ದೆ.

"ನೀವು ಮಾಡದಿದ್ರ ನನಗೇನ್ ಸಿಗತೈತಿ?" ಅಂದಳು. "ನನ್ನ ಸಲುವಾಗಿ ಬಿಟ್ಟೆ ಅಂತ ಹೇಳಿಕೊಂಡು ಅಡ್ಡಾಡೂದು ಬ್ಯಾಡ್ರಿ. ಅದನ್ನ ನನ್ನ ಮ್ಯಾಲ ಹಾಕಬ್ಯಾಡ್ರಿ."

ಅದು ನಿಜ. ಬಿಟ್ಟಿದ್ದರೆ ಸ್ವಲ್ಪ ಹಗುರಾಗುತ್ತಿದ್ದವಳು ನಾನೇ. ಶಾಲೆಗೆ ಹೋದೆವು. ಗಿರಿಜಾ ಕಾರಿಡಾರಿನ ಬೆಂಚಿನ ಮೇಲೆ ಇಬ್ಬರ ಚೀಲವನ್ನೂ ಇಟ್ಟುಕೊಂಡು ಕೂತಳು. ಒಳಗೆ ಕ್ರೂ ಮಾಲೀ ಪುಟ ತಿರುಗಿಸುತ್ತಾ ಎಲ್ಲೆಲ್ಲಿ ಸಹಿ ಅಂತ ತೋರಿಸುತ್ತಿದ್ದರು. ಅರ್ಧದಲ್ಲಿ ಹೊರಗೆ ಗಲಾಟೆ ಕೇಳಿತು. ಮೊನ್ನೆಯ ತರಗತಿಯ ಹುಡುಗಿಯರು ಬೆಳಗಿನ ಬಿಡುವಿನಲ್ಲಿ ಗಿರಿಜಾಳನ್ನು ಕಂಡು ಮುತ್ತಿಕೊಂಡಿದ್ದರು. ಯಾರೋ ಬಕೆಟ್ ತಂದರು, ಯಾರೋ ತಮ್ಮ ಡಬ್ಬಿಯ ಹಣ್ಣು ತಂದರು. ಕಿಟಕಿಯಿಂದ ನೋಡಿದೆ. ಗಿರಿಜಾ ನೆಲದ ಮೇಲೆ ಕೂತು, ತೋಳು ಮೇಲೇರಿಸಿ, ಒಂದೊಂದೇ ಹಣ್ಣು ನೀರಿಗೆ ಬಿಡುತ್ತಾ ತೇಲುತ್ತದೋ ಮುಳುಗುತ್ತದೋ ಅಂತ ಕೇಳುತ್ತಿದ್ದಳು. ಹುಡುಗಿಯರು ಕೂಗುತ್ತಿದ್ದರು. ಅವಳೂ ನಗುತ್ತಿದ್ದಳು, ನಿಜವಾಗಿಯೇ.

"ಹೊಸ ಅವಧಿಗೆ ನೀವು ಬಂದಾಗ ಇವರು ಆ ಕ್ರೂ ಎಲ್ಲಿ ಅಂತ ಕೇಳುತ್ತಾರೆ" ಅಂದರು ಕ್ರೂ ಮಾಲೀ. ಅದರಲ್ಲಿ ಚುಚ್ಚುವ ಉದ್ದೇಶವೇನೂ ಇರಲಿಲ್ಲ. ನಾನು ಉಳಿದ ಪುಟಗಳಿಗೆ ಸಹಿ ಮಾಡಿದೆ.

ವಾಪಸ್ಸು

ವಿಮಾನದಲ್ಲಿ ಪಕ್ಕಪಕ್ಕದ ಸೀಟು. ಅವಳು ಸೌಜನ್ಯದಲ್ಲಿ ಯಾವ ಕೊರತೆಯನ್ನೂ ಮಾಡಲಿಲ್ಲ. ನನ್ನ ಫಾರ್ಮಿನಲ್ಲಿ ನಾನು ತಪ್ಪು ಬರೆದದ್ದನ್ನು ತೋರಿಸಿದಳು, ನೀರು ಬೇಕೇನ್ರಿ ಅಂದಳು. ಜಗಳವಾಡಿದ್ದರೆ ತಡೆದುಕೊಳ್ಳಬಹುದಿತ್ತು.

ಹಳಿಯಾಳ ಬಸ್ ಸ್ಟ್ಯಾಂಡಿನಲ್ಲಿ ಮಧ್ಯಾಹ್ನದ ಬಿಸಿಲು. ಮುಂಡಗೋಡಕ್ಕೆ ಹೋಗುವ ಗಾಡಿ ಹೊರಡಲು ಸಿದ್ಧವಾಗಿತ್ತು. ಅವಳಿಗೆ ಈಗ ಹಳಿಯಾಳದಲ್ಲಿ ಉಳಿಯುವ ಕೆಲಸವಿರಲಿಲ್ಲ. ಅವಳ ತರಗತಿಗೆ ಆಗಲೇ ಬೇರೆಯವರನ್ನು ತಗೊಂಡಿದ್ದರು, ಖೋಲಿಯ ಸಾಮಾನನ್ನು ಬಸವರಾಜ ಆಗಲೇ ಸಾಗಿಸಿದ್ದ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

"ಇನ್ನ ಮುಂದ ನಿಮ್ಮನ್ನ ಬಹಳ ಮಂದಿ ಕೇಳ್ತಾರ. ಯಾವ ಕೋರ್ಸ್ ಮಾಡೂಣ್ರಿ, ಹೆಂಗ ಹೋದ್ರಿ ಅಂತ. ಅವರಿಗೆಲ್ಲ ಖರೆ ಹೇಳ್ರಿ."

"ಹೇಳ್ತೇನಿ."

"ಯಾವ ದೇಶಕ್ಕ ಹೊಂಟೀರೋ ಆ ದೇಶ ಯಾವ ಕಾಗದ ಒಪ್ಪತೈತಿ ಅಂತ ಮೊದಲ ಕೇಳ್ರಿ, ಆಮ್ಯಾಲೆ ಫೀಸ್ ತುಂಬ್ರಿ ಅಂತ ಹೇಳ್ರಿ. ನನ್ನ ಹೆಸರು ಹೇಳಿದ್ರೂ ನಡೀತೈತಿ."

ಅಂಬೇವಾಡಿ

ನನ್ನ ಪದವಿಪತ್ರಗಳನ್ನು ವಿಶ್ವವಿದ್ಯಾಲಯದಿಂದ ದೃಢೀಕರಿಸಿ ಕಳಿಸುವಷ್ಟರಲ್ಲಿ ಮಳೆಗಾಲ ಮುಗಿಯಿತು, ಹಾಗಾಗಿ ಮೊದಲ ಅವಧಿ ತಪ್ಪಿತು. ಅವಳು ಹೇಳಿದ್ದು ಸರಿ. ಜೋಯಿಡಾದಿಂದ ಒಬ್ಬರು, ಹಳಿಯಾಳದಿಂದ ಇಬ್ಬರು ಟೀಚರುಗಳು ಮನೆ ಹುಡುಕಿಕೊಂಡು ಬಂದು ಕೇಳಿದರು. ಮೂವರಿಗೂ ಹೇಳಿದೆ, ನನ್ನ ಪಾಲಿನ ತಪ್ಪನ್ನೂ ಬಿಡದೆ. ಒಬ್ಬಾಕೆ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದಳು.

ವೀಸಾ ಬಂದ ದಿನ ಧೈರ್ಯ ಮಾಡಿ ಗಿರಿಜಾಳಿಗೆ ಫೋನ್ ಹಚ್ಚಿದೆ. ವಿದ್ಯಾ ಎತ್ತಿದಳು. ಗಿರಿಜಾ ಹುಬ್ಬಳ್ಳಿಯ ಬಿ.ಎಡ್ ಕಾಲೇಜಿಗೆ ಸೇರಿದ್ದಾಳೆ, ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ, ಅವಳೇ ಹೈಸ್ಕೂಲಿನಲ್ಲಿ ಕಲಿಸಿದ ಹುಡುಗಿಯೊಬ್ಬಳು ಅದೇ ತರಗತಿಯಲ್ಲಿ ಪಕ್ಕದ ಬೆಂಚಿನಲ್ಲಿ ಕೂರುತ್ತಾಳೆ. ಇಷ್ಟನ್ನು ವಿದ್ಯಾ ಒಂದೇ ಉಸಿರಿನಲ್ಲಿ ಹೇಳಿದಳು. ಹಿಂದೆ ಗಿರಿಜಾಳ ದನಿ ಕೇಳುತ್ತಿತ್ತು. ಶಿಕ್ಷಣ ಮನೋವಿಜ್ಞಾನದ ಯಾವುದೋ ವ್ಯಾಖ್ಯೆಯನ್ನು ಗಟ್ಟಿಯಾಗಿ ಓದಿ ಬಾಯಿಪಾಠ ಮಾಡುತ್ತಿದ್ದಳು. ತಪ್ಪಿದಲ್ಲಿ ನಿಂತು ಮತ್ತೆ ಮೊದಲಿಂದ ಶುರು ಮಾಡುತ್ತಿದ್ದಳು.

"ಅವ್ವ ಓದಾಕತ್ತಾಳ್ರಿ ಟೀಚರ್. ನಾಳೆ ಪರೀಕ್ಷಾ ಐತಿ. ಏನರ ಹೇಳೂದಿತ್ತೇನ್ರಿ?"

ನಾನು ಇನ್ನೊಂದು ಸಾಲು ಕೇಳಿಸಿಕೊಂಡೆ.

"ಏನಿಲ್ಲವ್ವಾ," ಅಂದೆ. "ಓದ್ಲಿ ಬಿಡು."